ಮರಳದ ವಿಮಾನಗಳು ಮತ್ತು ನಮ್ಮ ಜಾಣತನ

ಎರಡು ಎಂಜಿನ್ನುಗಳ ಒಂದು ವಿಮಾನದ ರೇಖಾಚಿತ್ರ. ರೆಕ್ಕೆಗಳ ತುದಿಯಲ್ಲಿ, ಒಡಲಿನ ನಡುವೆ, ಬಾಲದ ಹತ್ತಿರ ಗುಂಪು ಗುಂಪಾಗಿ ಕೆಂಪು ಚುಕ್ಕಿಗಳು. ಎಂಜಿನ್ನುಗಳ ಮೇಲೆ, ಪೈಲಟ್ ಕೂರುವ ಜಾಗದಲ್ಲಿ ಚುಕ್ಕಿಗಳೇ ಇಲ್ಲ. ಈ ಚಿತ್ರವನ್ನು ನೀವು ಒಮ್ಮೆಯಾದರೂ ನೋಡಿರುತ್ತೀರಿ: ಬೆಳಗಿನ ವಾಟ್ಸಾಪ್ ಸಂದೇಶಗಳ ನಡುವೆ, ಕಂಪನಿಯ ಟ್ರೈನಿಂಗಿನಲ್ಲಿ, ವ್ಯಕ್ತಿತ್ವ ವಿಕಸನದ ಭಾಷಣದಲ್ಲಿ, ಇಲ್ಲವೇ ನನ್ನ ವಿಷಯವಾದ ಸಂಖ್ಯಾಶಾಸ್ತ್ರದ ತರಗತಿಯಲ್ಲಿ.

ಚಿತ್ರದ ಬೆನ್ನಿಗೇ ಒಂದು ಕಥೆ ಬರುತ್ತದೆ. ಎರಡನೆಯ ಮಹಾಯುದ್ಧದ ಕಾಲ. ಬಾಂಬ್ ಹಾಕಲು ಹೋದ ವಿಮಾನಗಳು ಮೈತುಂಬ ತೂತು ಮಾಡಿಸಿಕೊಂಡು ಮರಳುತ್ತವೆ. ತೂತು ಹೆಚ್ಚಿರುವ ಕಡೆ ಉಕ್ಕಿನ ಕವಚ ಹಾಕೋಣ ಎನ್ನುತ್ತಾರೆ ಸೇನಾಧಿಕಾರಿಗಳು. ಅಬ್ರಹಾಂ ವಾಲ್ಡ್ ಎಂಬ ಗಣಿತಜ್ಞರು ಎದ್ದು ನಿಂತು, ತೂತು ಇಲ್ಲದ ಕಡೆ ಹಾಕಿ ಎನ್ನುತ್ತಾರೆ. ಅಲ್ಲಿ ಪೆಟ್ಟು ತಿಂದ ವಿಮಾನಗಳು ಮರಳಿ ಬಂದೇ ಇಲ್ಲವಲ್ಲ! ಸಭಿಕರು ಹೌದೆಂದು ತಲೆದೂಗುತ್ತಾರೆ. ಭಾಷಣಕಾರರು ‘ಸರ್ವೈವರ್‌ಶಿಪ್ ಬಯಾಸ್’ ಎಂಬ ಪದವನ್ನು ಪರದೆಯ ಮೇಲೆ ತೋರಿಸಿ ಮುಂದಿನ ಸ್ಲೈಡಿಗೆ ಹೋಗುತ್ತಾರೆ. ಉಳಿದು ಬಂದವರನ್ನಷ್ಟೇ ನೋಡಿ ಎಲ್ಲರ ಬಗ್ಗೆ ತೀರ್ಮಾನಕ್ಕೆ ಬರುವ ತಪ್ಪು ಎಂದು ಅದರ ಅರ್ಥ.

ನನ್ನ ತಕರಾರು ಹೀಗೆ ಮುಂದಿನ ಸ್ಲೈಡಿಗೆ ಹೋಗುವುದರ ಬಗ್ಗೆ. ಮರಳಿ ಬಾರದ ವಿಮಾನಗಳನ್ನು ಮರೆಯಬೇಡಿ ಎಂದು ಹೇಳುವ ಕಥೆಯೇ ಅವುಗಳನ್ನು ಹತ್ತು ಸೆಕೆಂಡಿನಲ್ಲಿ ಮರೆತುಬಿಡುತ್ತದೆ. ಎಷ್ಟು ವಿಮಾನಗಳು ಬರಲಿಲ್ಲ, ಒಳಗೆ ಎಷ್ಟು ಜನರಿದ್ದರು, ಅವರೇನಾದರು ಎಂದು ಕೇಳುವವರಿಲ್ಲ. ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಸತ್ತವರು ಲೆಕ್ಕಕ್ಕೆ ಬಾರದೆ ಹೋಗುವುದು ಬರೀ ಒಂದು ತಾರ್ಕಿಕ ಎಡವಟ್ಟು, ಜಾಣನೊಬ್ಬ ಬಂದು ತೋರಿಸಿಕೊಟ್ಟರೆ ಅದು ಸರಿಹೋಗುತ್ತದೆ ಎಂದು ಈ ಕಥೆ ನಮ್ಮನ್ನು ನಂಬಿಸುತ್ತದೆ. ಬಾಂಬರ್ ವಿಮಾನಗಳ ನಿಜವಾದ ಚರಿತ್ರೆ ಇದಕ್ಕೆ ತದ್ವಿರುದ್ಧ. ಲೆಕ್ಕ ಇತ್ತು. ಲೆಕ್ಕ ಹಾಕಿದವರೂ ಇದ್ದರು. ತಿಳಿದ ಮೇಲೂ ಸಾಯುವವರು ಸಾಯುತ್ತಲೇ ಹೋದರು.

*

ಮೊದಲು ಕಥೆಯನ್ನೇ ನೋಡೋಣ. ಆ ಚುಕ್ಕಿಗಳ ಚಿತ್ರ ವಾಲ್ಡ್ ಬರೆದದ್ದಲ್ಲ. ಕಾಲ್ಪನಿಕ ಅಂಕಿಗಳನ್ನಿಟ್ಟುಕೊಂಡು ಈ ಶತಮಾನದಲ್ಲಿ ತಯಾರಾದ ಚಿತ್ರ ಅದು. ಸೇನಾಧಿಕಾರಿಗಳೊಂದಿಗಿನ ನಾಟಕೀಯ ಸಂಭಾಷಣೆಯೂ ವಾಲ್ಡರ ಬರಹದಲ್ಲಿಲ್ಲ. 1943ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ಸಂಶೋಧನಾ ತಂಡದಲ್ಲಿದ್ದಾಗ ಅವರು ಬರೆದದ್ದು ಎಂಟು ಟಿಪ್ಪಣಿಗಳನ್ನು. ಅವು ಸಾರ್ವಜನಿಕರ ಕೈಗೆ ಮರುಮುದ್ರಣವಾಗಿ ಸಿಕ್ಕಿದ್ದು 1980ರಲ್ಲಿ. ಅವುಗಳ ತುಂಬ ಇರುವುದು ಸಮೀಕರಣಗಳು.

ಅದರಲ್ಲಿ ಅವರು ಬಳಸುವ ಒಂದು ಲೆಕ್ಕದ ಉದಾಹರಣೆ ಹೀಗಿದೆ. 400 ವಿಮಾನಗಳು ದಾಳಿಗೆ ಹೋಗುತ್ತವೆ. 320 ಒಂದೂ ಪೆಟ್ಟಿಲ್ಲದೆ ಮರಳುತ್ತವೆ. 60 ವಿಮಾನಗಳು ಒಂದರಿಂದ ಐದು ಪೆಟ್ಟುಗಳನ್ನು ತಿಂದು ಮರಳುತ್ತವೆ. 20 ಬರುವುದಿಲ್ಲ. ಆ ಇಪ್ಪತ್ತರ ಮೈಮೇಲೆ ಎಲ್ಲಿ, ಎಷ್ಟು ಪೆಟ್ಟು ಬಿದ್ದವೆಂದು ಯಾರೂ ಕಂಡಿಲ್ಲ. ಮರಳಿದವುಗಳನ್ನು ನೋಡಿ ಮರಳದವುಗಳ ಬಗ್ಗೆ ಏನು ಹೇಳಬಹುದು, ಎಷ್ಟರಮಟ್ಟಿಗೆ ಹೇಳಬಹುದು ಎಂಬುದೇ ಎಂಟು ಟಿಪ್ಪಣಿಗಳ ವಿಷಯ. ಜಾಣ ಮಾತೊಂದನ್ನು ಎಸೆದು ಚಪ್ಪಾಳೆ ಗಿಟ್ಟಿಸುವ ಕೆಲಸ ಅದಾಗಿರಲಿಲ್ಲ. ಕಣ್ಣಿಗೆ ಕಾಣದ ಇಪ್ಪತ್ತನ್ನು ಬಿಡದೆ ಹಿಡಿದುಕೊಂಡು ಕೂತ ಒಬ್ಬ ಮನುಷ್ಯನ ತಾಳ್ಮೆ ಅದು. ಅವರಿಗೆ ಆ ತಾಳ್ಮೆ ಎಲ್ಲಿಂದ ಬಂತು ಎಂದು ಊಹಿಸುವ ಹಕ್ಕು ನನಗಿಲ್ಲ. ಇಷ್ಟು ಮಾತ್ರ ದಾಖಲೆಯಲ್ಲಿದೆ: ಯಹೂದಿಯಾದ ವಾಲ್ಡ್ 1938ರಲ್ಲಿ ಆಸ್ಟ್ರಿಯಾ ನಾಜಿಗಳ ವಶವಾದಾಗ ದೇಶ ಬಿಟ್ಟರು. ಹಿಂದೆ ಉಳಿದ ಅವರ ಕುಟುಂಬದ ಹೆಚ್ಚಿನವರು ನಾಜಿಗಳ ನರಮೇಧದಲ್ಲಿ ಸತ್ತರು.

*

ಈಗ ‘ಮರಳಲಿಲ್ಲ’ ಎಂಬ ಮಾತಿನ ಅರ್ಥ ನೋಡೋಣ. ಅತಿ ಹೆಚ್ಚು ದಾಖಲೆ ಇರುವುದು ಬ್ರಿಟನ್ನಿನ ಬಾಂಬರ್ ಕಮಾಂಡ್ ಬಗ್ಗೆ. ಯುದ್ಧದುದ್ದಕ್ಕೂ ಅದರಲ್ಲಿ ಹಾರಾಡಿದವರು ಸುಮಾರು 1,25,000 ಜನ. ಬ್ರಿಟಿಷರು, ಕೆನಡಾದವರು, ಆಸ್ಟ್ರೇಲಿಯಾದವರು, ನ್ಯೂಜಿಲೆಂಡಿನವರು, ಪೋಲೆಂಡಿನವರು. ಎಲ್ಲರೂ ಸ್ವಯಂಪ್ರೇರಣೆಯಿಂದ ಸೇರಿದವರು. ಇವರಲ್ಲಿ 55,573 ಜನ ಸತ್ತರು. ನೂರಕ್ಕೆ ನಲವತ್ತನಾಲ್ಕು. ಇನ್ನೂ 9,838 ಜನ ಯುದ್ಧಕೈದಿಗಳಾದರು. ಸತ್ತವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು, ನಾನು ಪಾಠ ಹೇಳುವ ಹುಡುಗರ ವಯಸ್ಸಿನವರು.

ಒಂದು ಲ್ಯಾಂಕಾಸ್ಟರ್ ವಿಮಾನದಲ್ಲಿ ಏಳು ಜನ. ಪೈಲಟ್, ಎಂಜಿನಿಯರ್, ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್, ಬಾಂಬ್ ಎಸೆಯುವವನು, ವೈರ್‌ಲೆಸ್ ಆಪರೇಟರ್, ಬೆನ್ನ ಮೇಲಿನ ಗೋಪುರದಲ್ಲೊಬ್ಬ ಗನ್ನರ್, ಬಾಲದ ತುದಿಯಲ್ಲಿ ಒಂಟಿಯಾಗಿ ಕೂತ ಇನ್ನೊಬ್ಬ ಗನ್ನರ್. 30 ದಾಳಿ ಮುಗಿಸಿದರೆ ಒಂದು ಸರದಿ ಪೂರ್ತಿಯಾದಂತೆ, ಆಮೇಲೆ ವಿಶ್ರಾಂತಿ. ಒಂದು ದಾಳಿಯಲ್ಲಿ ನೂರರಲ್ಲಿ ನಾಲ್ಕು ವಿಮಾನ ಬೀಳುತ್ತವೆ ಎಂದರೆ ಕಡಿಮೆಯೆಂದೇ ಅನಿಸುತ್ತದೆ. ಲೆಕ್ಕ ಹಾಕಿ: 0.96ನ್ನು ಮೂವತ್ತು ಸಲ ಗುಣಿಸಿದರೆ 0.29. ನೂರರಲ್ಲಿ ಐದು ಬಿದ್ದರೆ 0.21. ಮೊದಲ ಸರದಿ ಮುಗಿಸಿ ಹೊರಬರುವುದು ನಾಲ್ವರಲ್ಲಿ ಒಬ್ಬರು ಎಂದಾಯಿತು. ಹೈಸ್ಕೂಲಿನ ಗಣಿತ ಇದು. 1944ರ ಮಾರ್ಚ್ 30ರ ರಾತ್ರಿ ನ್ಯೂರೆಂಬರ್ಗ್ ಮೇಲೆ ಹೋದದ್ದು 795 ವಿಮಾನಗಳು. ಬೆಳದಿಂಗಳ ರಾತ್ರಿ. 95 ಮರಳಲಿಲ್ಲ. ಆ ಒಂದೇ ರಾತ್ರಿ ಐದುನೂರಕ್ಕೂ ಹೆಚ್ಚು ಜನ ಹೋದರು.

ಒಂದು ತಂಡ ಬೆಳಿಗ್ಗೆ ಮರಳದಿದ್ದರೆ ಅವರ ಬಟ್ಟೆಬರೆ, ಕಾಗದಪತ್ರಗಳನ್ನು ಒಟ್ಟುಮಾಡಿ ಮನೆಗೆ ಕಳಿಸುವ ವ್ಯವಸ್ಥೆಯಿತ್ತು. ಅದರ ಹೆಸರು ‘ಕಮಿಟಿ ಆಫ್ ಅಡ್ಜಸ್ಟ್‌ಮೆಂಟ್’. ಹೊಸಬರು ಬರುವುದರೊಳಗೆ ಮಂಚಗಳು ಖಾಲಿಯಾಗಬೇಕಿತ್ತು. ಯುದ್ಧ ಮುಗಿದ ಮೇಲೆ ವಾಯುಪಡೆಯ ಶೋಧಕ ತಂಡಗಳು ಯುರೋಪಿನ ಹಳ್ಳಿ ಹಳ್ಳಿ ತಿರುಗಿದವು. ವಿಮಾನ ಬಿದ್ದ ಹೊಲ ಯಾವುದು, ಹೆಣಗಳನ್ನು ಯಾರು ಎಲ್ಲಿ ಹೂತರು ಎಂದು ವಿಚಾರಿಸಿದವು. ಗೋರಿ ತೆಗೆಸಿ ಹಲ್ಲು, ಬಟ್ಟೆಯ ಚೂರು, ಅಂಗಿಯ ಮೇಲಿನ ದೋಬಿ ಗುರುತು ನೋಡಿ ಹೆಸರು ಹುಡುಕಿದವು. ಇಷ್ಟಾದರೂ ಸಿಗದವರ ಹೆಸರುಗಳನ್ನು ಲಂಡನ್ನಿನ ಹತ್ತಿರದ ರನ್ನಿಮೀಡ್ ಸ್ಮಾರಕದ ಗೋಡೆಗಳ ಮೇಲೆ ಕೆತ್ತಿದ್ದಾರೆ. ಬಾಂಬರ್ ಕಮಾಂಡಿನವರೂ ವಾಯುಪಡೆಯ ಬೇರೆ ವಿಭಾಗದವರೂ ಸೇರಿ 20,000ಕ್ಕೂ ಹೆಚ್ಚು ಹೆಸರುಗಳು. ಕೆಂಪು ಚುಕ್ಕಿಯಿಲ್ಲದ ಖಾಲಿ ಜಾಗ ಎಂದರೆ ಇದು.

*

ಇವರ ಬಗ್ಗೆ ಏನೂ ತಿಳಿದಿರಲಿಲ್ಲವೇ? ಬಾಂಬರ್ ಕಮಾಂಡಿನ ಪ್ರಧಾನ ಕಚೇರಿಯಲ್ಲೇ ಒಂದು ಸಂಶೋಧನಾ ವಿಭಾಗವಿತ್ತು. ವಿಮಾನಗಳು ಏಕೆ, ಹೇಗೆ ನಷ್ಟವಾಗುತ್ತಿವೆ ಎಂದು ಲೆಕ್ಕ ಹಾಕುವುದು ಅದರ ಕೆಲಸಗಳಲ್ಲೊಂದು. 1943ರ ಜುಲೈಯಲ್ಲಿ ಹತ್ತೊಂಬತ್ತು ವರ್ಷದ ಒಬ್ಬ ಹುಡುಗ ಅಲ್ಲಿ ಕೆಲಸಕ್ಕೆ ಸೇರಿದ. ಮುಂದೆ ಭೌತವಿಜ್ಞಾನಿಯಾಗಿ ಜಗತ್ಪ್ರಸಿದ್ಧರಾದ ಫ್ರೀಮನ್ ಡೈಸನ್ ಅವರೇ ಆ ಹುಡುಗ. ಅಲ್ಲಿ ಕಂಡದ್ದನ್ನು ಅವರು ಜೀವನಪೂರ್ತಿ ಮರೆಯಲಿಲ್ಲ, ಮತ್ತೆ ಮತ್ತೆ ಬರೆದರು. ಅವರ ಬರಹದಿಂದ ಮೂರು ಸಂಗತಿಗಳನ್ನು ಇಲ್ಲಿಡುತ್ತೇನೆ.

ಮೊದಲನೆಯದು ಅನುಭವದ ಕುರಿತದ್ದು. ದಾಳಿಗಳ ಅನುಭವ ಹೆಚ್ಚಿದಂತೆ ಸಾಯುವ ಸಾಧ್ಯತೆ ಕಡಿಮೆಯಾಗುತ್ತದೆ ಎಂಬುದು ಕಮಾಂಡಿನ ಅಧಿಕೃತ ನಂಬಿಕೆ. ತಂಡಗಳಿಗೂ ಅದನ್ನೇ ಹೇಳುತ್ತಿದ್ದರು. ಹಿಂದೊಮ್ಮೆ ಅದು ನಿಜವಾಗಿತ್ತು ಕೂಡ. ಡೈಸನ್ ಹೊಸ ಅಂಕಿಗಳನ್ನು ಹಿಡಿದು ಮತ್ತೆ ಲೆಕ್ಕ ಹಾಕಿದಾಗ ಅನುಭವಕ್ಕೂ ಉಳಿವಿಗೂ ಸಂಬಂಧವೇ ಕಾಣಲಿಲ್ಲ. ಮೂರನೆಯ ದಾಳಿಗೆ ಹೊರಟವನಿಗೂ ಇಪ್ಪತ್ತೈದನೆಯದಕ್ಕೆ ಹೊರಟವನಿಗೂ ಅಪಾಯ ಒಂದೇ. ಏಕೆಂದು ಆಗ ಅವರಿಗೆ ಹೊಳೆಯಲಿಲ್ಲ. ಜರ್ಮನ್ನರು 1943ರಲ್ಲಿ ರಾತ್ರಿ ಹೋರಾಟದ ವಿಮಾನಗಳಿಗೆ ಮೇಲ್ಮುಖವಾಗಿ ಗುಂಡು ಹಾರಿಸುವ ಫಿರಂಗಿ ಜೋಡಿಸಿದ್ದರು. ಬಾಂಬರ್‌ನ ಹೊಟ್ಟೆಯ ಕೆಳಗೆ, ಯಾವ ಗನ್ನರ್‌ನ ಕಣ್ಣಿಗೂ ಬೀಳದ ಜಾಗದಿಂದ ಹೊಡೆಯುತ್ತಿದ್ದರು. ಹಾಗೆ ಹೊಡೆಸಿಕೊಂಡವರಲ್ಲಿ ಮರಳಿ ಬಂದು ಹೇಳಿದವರು ತೀರಾ ವಿರಳ. ಕತ್ತಲಲ್ಲಿ ವಿಮಾನಗಳು ಇದ್ದಕ್ಕಿದ್ದಂತೆ ಸಿಡಿಯುವುದನ್ನು ಪಕ್ಕದ ತಂಡಗಳು ನೋಡುತ್ತಿದ್ದವು. ಅವು ವಿಮಾನಗಳಲ್ಲ, ಹೆದರಿಸಲು ಜರ್ಮನ್ನರು ಹಾರಿಸುವ ಹುಸಿ ಸಿಡಿಗುಂಡುಗಳು ಎಂಬ ವಿವರಣೆ ಅವರಿಗೆ ಸಿಗುತ್ತಿತ್ತು. ಅವಕ್ಕೆ ಇಟ್ಟ ಹೆಸರು ಬೆದರುಬೊಂಬೆ. ಅಂಥ ಸಿಡಿಗುಂಡು ಇದ್ದದ್ದಕ್ಕೆ ಯುದ್ಧಾನಂತರ ಪುರಾವೆಯೇ ಸಿಗಲಿಲ್ಲ. ಕಣ್ಣೆದುರು ಉರಿದು ಹೋದ ಏಳು ಜನ ಬೆದರುಬೊಂಬೆಯಾದರು.

ಎರಡನೆಯದು ಕಂಡಿಯ ಕುರಿತದ್ದು. ಲ್ಯಾಂಕಾಸ್ಟರ್ ಬೆಂಕಿ ಹತ್ತಿದಾಗ ಒಳಗಿನವರಲ್ಲಿ ಹೆಚ್ಚಿನವರು ಹೊರಗೆ ಹಾರಬೇಕಾದದ್ದು ಮೂತಿಯ ತಳದಲ್ಲಿದ್ದ ಒಂದು ಕಂಡಿಯಿಂದ. ಅದರ ಅಗಲ 22 ಅಂಗುಲ. ದಪ್ಪ ಉಡುಪು ತೊಟ್ಟು, ಎದೆಗೆ ಪ್ಯಾರಾಚೂಟ್ ಸಿಕ್ಕಿಸಿಕೊಂಡು, ಗಿರಕಿ ಹೊಡೆಯುವ ವಿಮಾನದಲ್ಲಿ ಕತ್ತಲಲ್ಲಿ ತಡಕಾಡಿ ಅದರಲ್ಲಿ ತೂರಬೇಕು. ಹ್ಯಾಲಿಫ್ಯಾಕ್ಸ್ ವಿಮಾನದ ಕಂಡಿ ಎರಡು ಅಂಗುಲ ಹೆಚ್ಚು ಅಗಲ. ಬಿದ್ದ ವಿಮಾನಗಳಿಂದ ಎಷ್ಟು ಜನ ಜೀವಂತವಾಗಿ ಪಾರಾದರು ಎಂಬ ಲೆಕ್ಕವನ್ನು ಡೈಸನ್ ಕೊಡುತ್ತಾರೆ. ಹಗಲು ಹಾರುವ ಅಮೆರಿಕನ್ ಬಾಂಬರ್‌ಗಳಲ್ಲಿ ನೂರಕ್ಕೆ 50, ಹ್ಯಾಲಿಫ್ಯಾಕ್ಸ್‌ನಲ್ಲಿ 25, ಲ್ಯಾಂಕಾಸ್ಟರ್‌ನಲ್ಲಿ 15. ಹಗಲು ರಾತ್ರಿಯ ವ್ಯತ್ಯಾಸವನ್ನು ಬಿಟ್ಟರೂ, ಒಂದೇ ಆಕಾಶದಲ್ಲಿ ಒಂದೇ ರಾತ್ರಿ ಹಾರುವ ಹ್ಯಾಲಿಫ್ಯಾಕ್ಸ್‌ಗೂ ಲ್ಯಾಂಕಾಸ್ಟರ್‌ಗೂ ಇಷ್ಟು ಅಂತರ! ಗಮನಿಸಿ, ಇದು ಮರಳದ ವಿಮಾನಗಳ ಲೆಕ್ಕ. ಖಾಲಿ ಜಾಗದ ಬಗ್ಗೆಯೂ ಅಂಕಿ ಅಂಶ ಇತ್ತು. ಅದೇ ವಿಭಾಗದ ಮೈಕ್ ಓಲಾಕ್ಲಿನ್ ಎಂಬವರು ಕಂಡಿ ಅಗಲ ಮಾಡಿಸಲು ಎರಡು ವರ್ಷ ಕಚೇರಿಯಿಂದ ಕಚೇರಿಗೆ ಅಲೆದರು. ಅವರ ಹೋರಾಟ ಗೆದ್ದಿತು. ಆದರೆ ಅಗಲವಾದ ಕಂಡಿ ಬರುವಷ್ಟರಲ್ಲಿ ಹೆಚ್ಚುಕಡಿಮೆ ಯುದ್ಧವೇ ಮುಗಿದಿತ್ತು.

ಮೂರನೆಯದು ಮೌನ. ತಮ್ಮ ಉಳಿವಿನ ಸಾಧ್ಯತೆ ಎಷ್ಟು ಎಂಬುದು ಹಾರುವವರಿಗೆ ತಿಳಿಯದಂತೆ ನೋಡಿಕೊಳ್ಳಲಾಗುತ್ತಿತ್ತು. ಅದನ್ನು ತಾವೇ ಊಹಿಸಿ, ಇನ್ನು ನನ್ನಿಂದಾಗದು ಎಂದವರಿಗೂ ಒಂದು ಹೆಸರು ಕಾದಿತ್ತು: ಎಲ್‌ಎಂಎಫ್, ಲ್ಯಾಕ್ ಆಫ್ ಮಾರಲ್ ಫೈಬರ್. ನೈತಿಕ ಕಸುವಿಲ್ಲದವನು ಎಂದರ್ಥ. ಎದೆಯ ಮೇಲಿನ ರೆಕ್ಕೆಯ ಬಿಲ್ಲೆ ಕಿತ್ತುಕೊಂಡು, ದರ್ಜೆ ಇಳಿಸಿ, ತಂಡದ ಉಳಿದವರ ಕಣ್ಣಿಗೆ ಬೀಳದಂತೆ ಸಾಗಹಾಕುತ್ತಿದ್ದರು. ಸರಿಯಾಗಿ ಲೆಕ್ಕ ಹಾಕಿದವನು ಹೇಡಿಯಾದ.

*

ಇದನ್ನೆಲ್ಲ ‘ಬಯಾಸ್’ ಎನ್ನಲು ನನಗೆ ಮನಸ್ಸಿಲ್ಲ. ಬಯಾಸ್ ಅಂದರೆ ಕಣ್ಣಿನ ದೋಷ. ಕನ್ನಡಕ ಹಾಕಿದರೆ ಸರಿಹೋಗುವಂಥದ್ದು. ಅಲ್ಲಿದ್ದದ್ದು ಲೆಕ್ಕದ ಪುಸ್ತಕದ ದೋಷ. ಉರಿಯುವ ವಿಮಾನದಿಂದ ಹಾರಿ ಜರ್ಮನಿಯಲ್ಲಿ ಕೈದಿಯಾದವನು ಕಮಾಂಡಿಗೆ ಮತ್ತೆ ಕೆಲಸಕ್ಕೆ ಸಿಗುವುದಿಲ್ಲ. ಸತ್ತವನೂ ಸಿಗುವುದಿಲ್ಲ. ದಾಳಿಯ ಮರುದಿನದ ಪಟ್ಟಿಯಲ್ಲಿ ಇಬ್ಬರೂ ‘ಕಾಣೆಯಾದವರು’. ಹಾಗಾಗಿ ಕಂಡಿಯ ಎರಡು ಅಂಗುಲಕ್ಕೆ ಆ ಪುಸ್ತಕದಲ್ಲಿ ಬೆಲೆಯೇ ಇರಲಿಲ್ಲ ಎಂದು ನಾನು ಓದಿಕೊಳ್ಳುತ್ತೇನೆ. ಅದರ ಬೆಲೆ ಗೊತ್ತಿದ್ದದ್ದು ಒಳಗಿದ್ದ ಏಳು ಜನರಿಗೆ, ಮನೆಯಲ್ಲಿ ತಂತಿಗೆ ಕಾಯುತ್ತಿದ್ದವರಿಗೆ. ಕವಚ ಎಲ್ಲಿ ಹಾಕಬೇಕು ಎಂಬ ಪ್ರಶ್ನೆಗೆ ಉತ್ತರ ಬೇಗ ಸಿಗುತ್ತದೆ, ಏಕೆಂದರೆ ಕವಚ ವಿಮಾನವನ್ನು ಉಳಿಸುತ್ತದೆ. ಕಂಡಿ ಉಳಿಸುವುದು ಮನುಷ್ಯನನ್ನು ಮಾತ್ರ.

ಯುದ್ಧದಲ್ಲಿ ಸತ್ಯ ಹೇಳುತ್ತ ಕೂತರೆ ಹಿಟ್ಲರನನ್ನು ಸೋಲಿಸಲಾಗುತ್ತಿತ್ತೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹಿಟ್ಲರ್ ಸೋಲಬೇಕಿತ್ತು. ಆದರೆ ಕಂಡಿಯನ್ನು ಎರಡು ಅಂಗುಲ ಅಗಲಿಸಿದ್ದರೆ ಯುದ್ಧ ಸೋಲುತ್ತಿರಲಿಲ್ಲ. ಮುಚ್ಚಿಡುವುದು ಅಭ್ಯಾಸವಾದ ಮೇಲೆ ಯಾವುದನ್ನು ಮುಚ್ಚಿಡುವ ಅಗತ್ಯವಿದೆ, ಯಾವುದಕ್ಕಿಲ್ಲ ಎಂದು ಕೇಳುವವರೇ ಉಳಿಯುವುದಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಇವರು ಊರುಗಳ ಮೇಲೆ ಬೆಂಕಿ ಸುರಿಯಲು ಹೋದವರಲ್ಲವೇ? ಇವರಿಗೇಕೆ ಕಣ್ಣೀರು? ಹೌದು, ಹೋದವರೇ. 1943ರ ಜುಲೈಯಲ್ಲಿ ಹ್ಯಾಂಬರ್ಗಿನಲ್ಲಿ ಒಂದೇ ವಾರದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. 1945ರ ಫೆಬ್ರವರಿಯಲ್ಲಿ ಡ್ರೆಸ್ಡೆನ್‌ನಲ್ಲಿ ಸತ್ತವರು 25,000ದವರೆಗೆ ಎಂದು ಆ ನಗರ ನೇಮಿಸಿದ ಇತಿಹಾಸಕಾರರ ಆಯೋಗ ಹೇಳಿತು. ಪ್ಯಾರಾಚೂಟಿನಲ್ಲಿ ಇಳಿದ ಕೆಲವರನ್ನು ರೊಚ್ಚಿಗೆದ್ದ ಜನ ಬಡಿದು ಕೊಂದದ್ದೂ ಉಂಟು. ಆದರೆ ಮೇಲಿನವರ ಲೆಕ್ಕವನ್ನು ಬಿಟ್ಟರೆ ಕೆಳಗಿನವರಿಗೆ ನ್ಯಾಯ ಸಿಗುವುದಿಲ್ಲ, ಏಕೆಂದರೆ ಇಬ್ಬರನ್ನೂ ಅಳಿಸಿದ್ದು ಒಂದೇ ಪುಸ್ತಕ. ದಾಳಿಯ ಯಶಸ್ಸನ್ನು ಅಲ್ಲಿ ಅಳೆಯುತ್ತಿದ್ದುದು ಸುಟ್ಟ ಊರಿನ ಎಕರೆಗಳಲ್ಲಿ. ಮೇಲಿನವರಾದರೂ ‘ಕಾಣೆಯಾದವರು’ ಎಂಬ ಒಂದು ಕಾಲಂನಲ್ಲಿದ್ದರು. ಕೆಳಗೆ ನೆಲಮಾಳಿಗೆಯಲ್ಲಿ ಕೂತಿದ್ದ ಹೆಂಗಸರು ಮಕ್ಕಳಿಗೆ ಕಾಲಂ ಕೂಡ ಇರಲಿಲ್ಲ. ಬಾಂಬರ್ ಕಮಾಂಡಿನ ಸತ್ತವರಿಗೆ ಲಂಡನ್ನಿನ ಗ್ರೀನ್ ಪಾರ್ಕಿನಲ್ಲಿ ಸ್ಮಾರಕವಾಗಲು 2012ರವರೆಗೆ ಕಾಯಬೇಕಾಯಿತು. ಅಲ್ಲಿ ಬಾಂಬ್ ದಾಳಿಗಳಲ್ಲಿ ಸತ್ತ ಎಲ್ಲ ದೇಶಗಳ ಜನರ ನೆನಪನ್ನೂ ಬರೆಸಿದ್ದಾರೆ. ತಡವಾಯಿತು, ಆದರೂ ಅದು ಸರಿಯಾದ ಲೆಕ್ಕ.

*

ಪಾಠಕ್ಕೆ ಒಂದು ಉದಾಹರಣೆ ತಾನೇ, ಇಷ್ಟು ಹಿಂಜಬೇಕೇ ಎಂದು ನನ್ನ ಗೆಳೆಯರೇ ಕೇಳುತ್ತಾರೆ. ಹಿಂಜಬೇಕು. ಆ ಚಿತ್ರವನ್ನು ಎಲ್ಲಿ ತೋರಿಸುತ್ತಾರೆ ನೋಡಿ. ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಕೇಂದ್ರಗಳ ಫ್ಲೆಕ್ಸ್‌ಗಳ ತುಂಬ ಪಾಸಾದವರ ನಗುಮುಖಗಳು. ಅದೇ ಕೋಣೆಗಳಲ್ಲಿ ಐದಾರು ವರ್ಷ ಕೂತು, ವಯೋಮಿತಿ ದಾಟಿ, ಊರಿಗೆ ಹೋಗಲು ಮುಖವಿಲ್ಲದವರು ಯಾವ ಫ್ಲೆಕ್ಸ್‌ನಲ್ಲೂ ಇಲ್ಲ. ಪಿಎಚ್‌ಡಿ ವಿಭಾಗಗಳೂ ಬೇರೆಯಲ್ಲ. ಪದವಿ ಪಡೆದವರ ಹೆಸರು ಬೋರ್ಡಿನ ಮೇಲಿರುತ್ತದೆ. ಫೆಲೋಶಿಪ್ ನಿಂತು, ಮಾರ್ಗದರ್ಶಕರ ಬಳಿ ಹೇಳಲಾಗದೆ ಮಧ್ಯದಲ್ಲೇ ಎದ್ದು ಹೋದವರ ಪಟ್ಟಿಯನ್ನು ಗೋಡೆಗೆ ಹಾಕಿದ ವಿಭಾಗವನ್ನು ನಾನು ಕಂಡಿಲ್ಲ. ಉರಿಯುವ ವಿಮಾನದಲ್ಲಿ ಸಾಯುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ, ಗೊತ್ತು. ಲೆಕ್ಕ ಬರೆಯುವ ಕ್ರಮ ಮಾತ್ರ ಅದೇ. ಎಷ್ಟು ಜನ ಸೇರಿದರು, ಎಷ್ಟು ಜನ ಉಳಿದರು ಎಂಬ ಅಂಕಿ ಎಲ್ಲ ಕಚೇರಿಗಳ ಕಡತದಲ್ಲೂ ಇರುತ್ತದೆ. ‘ನಮಗೆ ಹೊಳೆಯಲೇ ಇಲ್ಲ’ ಎಂದು ಯಾರೂ ಹೇಳುವಂತಿಲ್ಲ. ಹೊಸದಾಗಿ ಸೇರುವವರಿಗೆ ಅದನ್ನು ಹೇಳಬೇಕೋ ಬೇಡವೋ ಎಂಬುದೊಂದೇ ಉಳಿದಿರುವ ಪ್ರಶ್ನೆ. ಅಂಥ ಜಾಗಗಳಲ್ಲೇ ವಿಮಾನದ ಚಿತ್ರ ತೋರಿಸಿ, ಜಾಣರಾಗಿ ಯೋಚಿಸಿ ಎಂದು ಉಪದೇಶಿಸುತ್ತಾರೆ.

ವಾಲ್ಡ್ ಅವರ ಕೊನೆಯ ಬಗ್ಗೆ ಆ ಸ್ಲೈಡುಗಳಲ್ಲಿ ಏನೂ ಇರುವುದಿಲ್ಲ. 1950ರಲ್ಲಿ ಭಾರತ ಸರ್ಕಾರದ ಆಹ್ವಾನದ ಮೇಲೆ ಅವರು ಪತ್ನಿಯೊಂದಿಗೆ ಇಲ್ಲಿಗೆ ಬಂದರು. ಕಲ್ಕತ್ತದ ಸಂಖ್ಯಾಶಾಸ್ತ್ರ ಸಂಸ್ಥೆಗೆ ಹೋದರು. ಮರುವರ್ಷದ ಜನವರಿಯಲ್ಲಿ ಬೆಂಗಳೂರಿನ ವಿಜ್ಞಾನ ಕಾಂಗ್ರೆಸ್‌ನಲ್ಲಿ ಭಾಗವಹಿಸಬೇಕಿತ್ತು. ಡಿಸೆಂಬರ್ 13ರಂದು ಅವರಿದ್ದ ವಿಮಾನ ನೀಲಗಿರಿ ಬೆಟ್ಟಕ್ಕೆ ಬಡಿಯಿತು. ಗಂಡ ಹೆಂಡತಿ ಇಬ್ಬರೂ ಸತ್ತರು. ವಾಲ್ಡರಿಗೆ ಆಗ 48 ವರ್ಷ. ಅಮೆರಿಕದಲ್ಲಿ ಇಬ್ಬರು ಮಕ್ಕಳಿದ್ದರು. ಇದನ್ನು ವಿಧಿಯ ಅಣಕ ಎಂದು ಬಣ್ಣಿಸುವುದು ಸುಲಭ, ಅದೂ ಇನ್ನೊಂದು ಚಪ್ಪಾಳೆಯ ಸ್ಲೈಡ್ ಆಗುತ್ತದೆ. ನಾನು ಇದನ್ನು ಹೇಳುತ್ತಿರುವುದು ಬೇರೆ ಕಾರಣಕ್ಕೆ. ನಮ್ಮ ನೆರೆಯ ಬೆಟ್ಟದಲ್ಲಿ ಸತ್ತ ಒಬ್ಬ ಮನುಷ್ಯನನ್ನು ನಾವು ಒಂದು ಜಾಣ ಉತ್ತರದಷ್ಟಕ್ಕೆ ಇಳಿಸಿದ್ದೇವೆ. ಅವರು ಯಾರಿಗಾಗಿ ಲೆಕ್ಕ ಹಾಕಿದರೋ ಅವರನ್ನಂತೂ ಅಷ್ಟಕ್ಕೂ ಉಳಿಸಿಲ್ಲ.

ಸಂಖ್ಯಾಶಾಸ್ತ್ರದ ಮೇಷ್ಟರುಗಳಿಗೂ ತರಬೇತಿ ನಡೆಸುವವರಿಗೂ ನನ್ನ ಬೇಡಿಕೆ ಸಣ್ಣದು. ಚಿತ್ರ ತೋರಿಸಿ, ತೊಂದರೆಯಿಲ್ಲ. ಅದು ಕಾಲ್ಪನಿಕ ಎಂದು ಹೇಳಿ. ಪಕ್ಕದಲ್ಲಿ 55,573 ಎಂದು ಬರೆಯಿರಿ. ಎಲ್ಲಿ ಕವಚ ಹಾಕಬೇಕು ಎಂದು ಕೇಳಿದ ಮೇಲೆ ಇನ್ನೂ ಮೂರು ಪ್ರಶ್ನೆ ಕೇಳಿ: ಮರಳದವರ ಲೆಕ್ಕ ಯಾರ ಬಳಿ ಇತ್ತು? ಹೊರಡುವವರಿಗೆ ಅದನ್ನು ಹೇಳಿದರೇ? ಕಂಡಿ ಅಗಲ ಮಾಡಲು ಯಾಕೆ ಎರಡು ವರ್ಷ ಬೇಕಾಯಿತು? ನಿಮ್ಮ ತರಗತಿಯಲ್ಲಿ ಹುಡುಗ ಹುಡುಗಿಯರು ಆ ಮೂರನ್ನೂ ನಿಮ್ಮದೇ ಸಂಸ್ಥೆಯ ಬಗ್ಗೆ ಕೇಳತೊಡಗಿದರೆ ಪಾಠ ತಲುಪಿದೆ ಎಂದು ತಿಳಿಯಿರಿ. ಅವರಿಗೆ ಉತ್ತರ ಕೊಡಲು ಕಡತ ತೆಗೆಯಿರಿ.